ಬಲಗೈಯ ರೂಢಿ

ಕಾರು ಮಾರುವ ಅಂಗಳದ ಗೇಟು ದಾಟುವಾಗ ಎವಾರಿಸ್ತೊ ಹೆಂಡತಿಯ ಮೊಣಕೈ ಹಿಡಿದುಕೊಂಡ. ಅವಳಿಗೆ ಆಸರೆಯಾಗಲೆಂದು ಹಿಡಿದನೋ ತನಗೇ ಬೇಕಾಗಿತ್ತೋ, ಅವನಿಗೇ ತಿಳಿಯಲಿಲ್ಲ. ಸಾನ್ ಲೊರೆನ್ಸೊದ ಹೆದ್ದಾರಿಯ ಬದಿಯಲ್ಲಿ ಇಂಥ ಅಂಗಳಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಎಲ್ಲದರ ಮೇಲೂ ಬಣ್ಣದ ಪತಾಕೆಗಳು, ಎಲ್ಲದರೊಳಗೂ ಯಾರೋ ಓಡಿಸಿ ಬಿಟ್ಟ ಕಾರುಗಳು ಎರಡನೇ ಸಂಬಂಧಕ್ಕೆ ಕೂತ ಹೆಣ್ಣುಗಳ ಹಾಗೆ ಮೈ ತೊಳೆದುಕೊಂಡು ನಿಂತಿರುತ್ತವೆ. ಶನಿವಾರದ ಬಿಸಿಲು ಬಾನೆಟ್ಟುಗಳ ಮೇಲಿಂದ ಎದ್ದು ನೇರ ಕಣ್ಣಿಗೆ ಬರುತ್ತಿತ್ತು. ಇವತ್ತು ಒಂದು ಪೆಟ್ರೋಲ್ ಗಾಡಿ ಆರಿಸಬೇಕು. ನಾಲ್ಕು ಬಾಗಿಲು, ಹಿಂದೆ ದೊಡ್ಡ ಡಿಕ್ಕಿ, ಸಂಸಾರಸ್ಥರು ಕೂತರೆ ಸಂಸಾರಸ್ಥರ ಹಾಗೆಯೇ ಕಾಣುವ ಗಾಡಿ. ಆರಿಸಿ, ಒಬ್ದೂಲಿಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನೇ ಓಡಿಸಿಕೊಂಡು ಮನೆಗೆ ಹೋಗಬೇಕು. ಹಾಗೆ ಹೋಗಿಬಿಟ್ಟರೆ ಆ ಎಂಟು ತಿಂಗಳ ಪಾಪ ಕಳೆಯಿತು, ಇನ್ನು ಅದನ್ನು ಅವಳಿಗೆ ಹೇಳುವ ಅಗತ್ಯವೇ ಇಲ್ಲ. ಈ ಒಪ್ಪಂದವನ್ನು ಅವನು ದೇವರೊಡನೆ ಮಾಡಿಕೊಂಡಿದ್ದನೋ ತನ್ನೊಡನೆ ಮಾಡಿಕೊಂಡಿದ್ದನೋ, ಅಂತೂ ಎದುರು ಪಕ್ಷದವರು ಸಹಿ ಹಾಕಿರಲಿಲ್ಲ.

ಏಳು ವರ್ಷದ ಹಿಂದೆ ತೊಗಲು ರಫ್ತು ಮಾಡುವ ಕಚೇರಿಯವರು ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ಅವನು ಮನೆಗೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ. ಮರುದಿನ ಎಂದಿನಂತೆ ಇಸ್ತ್ರಿ ಅಂಗಿ ತೊಟ್ಟು, ಬ್ಯಾಗು ಹಿಡಿದು, ಎಂದಿನ ಬಸ್ಸು ಹತ್ತಿ, ರಾಜಧಾನಿ ಆಸುನ್ಸಿಯೋನಿನ ಹಳೆಯ ರೈಲು ನಿಲ್ದಾಣದ ಎದುರಿನ ಚೌಕದಲ್ಲಿ ಇಳಿದು, ಮರದ ನೆರಳಿನ ಬೆಂಚಿನ ಮೇಲೆ ಕೂತ. ಸಂಜೆ ಕಚೇರಿ ಬಿಡುವ ಹೊತ್ತಿಗೆ ಎದ್ದ. ಮರುದಿನವೂ ಅದೇ. ಚಳಿಗಾಲ ಹೋಗಿ ಬೇಸಿಗೆ ಬರುವವರೆಗೆ, ಬೇರೆ ಕೆಲಸ ಸಿಗುವವರೆಗೆ, ಅವನು ಆ ಬೆಂಚಿನಲ್ಲಿ ನೌಕರಿ ಮಾಡಿದ. ಪರಿಹಾರವೆಂದು ಕೊಟ್ಟ ಗಂಟನ್ನು ಹೋಳು ಮಾಡಿ ತಿಂಗಳ ಕೊನೆಗೆ ಸಂಬಳವೆಂದು ಹೆಂಡತಿಯ ಕೈಗಿಟ್ಟ. ಕಚೇರಿಯ ರಾಜಕೀಯವನ್ನೂ ಕಲ್ಪಿಸಿ ಹೇಳುತ್ತಿದ್ದ. ತನ್ನ ಮೇಲೆ ಹಗೆ ಸಾಧಿಸುವ ಒಬ್ಬ ಮೇಲಧಿಕಾರಿಯನ್ನು ಸೃಷ್ಟಿಸಿ, ಅವನಿಗೆ ಒಂದು ಕೆಮ್ಮನ್ನೂ ಕೊಟ್ಟಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೇ ಎಂದು ಗಾದೆ ಕೇಳುತ್ತದೆ. ಎವಾರಿಸ್ತೊನ ಅನುಭವದಲ್ಲಿ ಕಂಡಿರಲಿಲ್ಲ. ಹೊಸ ಕೆಲಸ ಸಿಕ್ಕ ದಿನ "ಕಂಪನಿ ಬದಲಾಯಿಸ್ತಿದ್ದೀನಿ" ಎಂದಾಗ ಅವಳು "ಒಳ್ಳೇದಾಯ್ತು ಬಿಡು, ಆ ಕೆಮ್ಮಿನವನ ಕಾಟ ತಪ್ತು" ಎಂದಿದ್ದಳು. ಆ ಮಾತು ನೆನಪಾದಾಗಲೆಲ್ಲ ಅವನ ಕಿವಿಯ ತುದಿ ಇವತ್ತಿಗೂ ಬಿಸಿಯಾಗುತ್ತದೆ.

"ಏನು ಕೊಂಪಾದ್ರೆ, ಸುಡುಗಾಡಿಗೆ ಬಂದೋರ ಥರ ಮುಖ ಮಾಡ್ಕೊಂಡಿದ್ದೀಯ? ಗಾಡಿ ತಗೊಳ್ಳೋಕೆ ಬಂದಿರೋದು, ಹೂಳೋಕಲ್ಲ!" ಎಂದು ಹಿಂದಿನಿಂದ ದೋನ್ ತೊರಿಬಿಯೊ ಕೂಗಿದ. ಅವನು ಇವರ ಮಗಳಿಗೆ ದೀಕ್ಷಾಸ್ನಾನದ ದಿನ ಧರ್ಮಪಿತನಾದವನು. ಅಂದಿನಿಂದ ಇವನು ಅವನಿಗೆ ಕೊಂಪಾದ್ರೆ, ಒಬ್ದೂಲಿಯಾ ಕೊಮಾದ್ರೆ. ಗಾಡಿಗಳ ವಿಷಯ ತನಗೆ ಗೊತ್ತೆಂದು ಅವನಾಗಿಯೇ ಹೊರಟು ಬಂದಿದ್ದ. ಒಂದು ಮೊಣಕಾಲು ಬಾತು ಬಾಗುತ್ತಿರಲಿಲ್ಲ, ಆದರೂ ಕಂಕುಳಲ್ಲಿ ಐಸುನೀರಿನ ಫ್ಲಾಸ್ಕು, ಕೈಯಲ್ಲಿ ತೆರೆರೆ ಎಂಬ ತಣ್ಣನೆಯ ಎಲೆಕಷಾಯದ ಕೊಂಬಿನ ಲೋಟ. ಅಂಗಳದ ಮಾರಾಟಗಾರ ಓಸ್ಮಾರ್ ನೆರಳಿಗೆ ಕುರ್ಚಿ ಎಳೆದ. ಲೋಟ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗತೊಡಗಿತು. ಮೊದಲ ಸುತ್ತಿನಲ್ಲಿ ತನ್ನ ಸರದಿ ಬಂದಾಗ ಎವಾರಿಸ್ತೊ ತಣ್ಣಗಿನ ಕಹಿ ರಸ ಹೀರಿ, ಲೋಟ ಹಿಂದಿರುಗಿಸುತ್ತ, ಗಾಬರಿಯಲ್ಲಿ, "ಗ್ರಾಸಿಯಾಸ್" ಎಂದುಬಿಟ್ಟ. ಹಸುಗೂಸಿಗೂ ಗೊತ್ತು, ತೆರೆರೆ ಕುಡಿಯುವಾಗ ವಂದನೆ ಹೇಳಿದರೆ ಇನ್ನು ಸಾಕು, ನನಗೆ ಬೇಡ ಎಂದರ್ಥ. ಲೋಟ ಅವನನ್ನು ಬಿಟ್ಟು ಸುತ್ತತೊಡಗಿತು. ಬಾಯಿ ಒಣಗುತ್ತಿದ್ದರೂ ಅವನು ಕೇಳಲಿಲ್ಲ, ಕೇಳಿದರೆ ಗೊತ್ತಾಗಿಬಿಡುತ್ತದೆ. ಏನು ಗೊತ್ತಾಗುತ್ತದೆ? ಅದು ಅವನಿಗೂ ಸ್ಪಷ್ಟವಿರಲಿಲ್ಲ.

ಓಸ್ಮಾರ್ ಎರಡು ಗಾಡಿ ತೋರಿಸಿದ. ಒಂದು ಬಿಳಿಯದು, ಇಲ್ಲಿನ ಏಜೆಂಟರೇ ಹೊಸದಾಗಿ ಮಾರಿದ್ದು, ಗೇರು ಕೈಯಲ್ಲಿ ಹಾಕುವಂಥದ್ದು. ಇನ್ನೊಂದು ಬೂದಿ ಬಣ್ಣದ ಚಿಲಿ ಗಾಡಿ. ಜಪಾನಿನಲ್ಲಿ ಓಡಿ ಹಳತಾಗಿ, ಹಡಗು ಹತ್ತಿ ಚಿಲಿಯ ಬಂದರಿಗೆ ಬಂದು, ಅಲ್ಲಿ ಬಲಗಡೆಯ ಸ್ಟಿಯರಿಂಗನ್ನು ಕಿತ್ತು ಎಡಗಡೆಗೆ ಕೂರಿಸಿಕೊಂಡು, ಮರುಭೂಮಿ ದಾಟಿ ಪರಗ್ವಾಯ್ ಸೇರುವ ಗಾಡಿಗಳನ್ನು ಇಲ್ಲಿ ಹಾಗೆ ಕರೆಯುತ್ತಾರೆ.

"ಬಿಳೀದು ತಗೋ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದದ್ದು," ಎಂದ ದೋನ್ ತೊರಿಬಿಯೊ. "ಆ ಬೂದೀದು ಬೇಡ, ಹೊಟ್ಟೆ ಕೊಯ್ಸಿಕೊಂಡು ಬಂದಿರೋದು."

"ಹಂಗನ್ಬೇಡಿ ದೋನ್ ತೊರಿಬಿಯೊ. ಈ ಊರಲ್ಲಿ ಅರ್ಧಕ್ಕರ್ಧ ಓಡೋದು ಚಿಲಿ ಗಾಡಿನೇ. ನಮ್ಮ ಪಾದ್ರಿಗಳದೂ ಅದೇ," ಎಂದ ಓಸ್ಮಾರ್.

"ಅದಕ್ಕೇ ಪ್ರಾರ್ಥನೆ ಹೊತ್ತಿಗೆ ಸರಿಯಾಗಿ ಬರಲ್ಲ ಅವ್ರು!"

ಓಸ್ಮಾರ್ ನಕ್ಕು, ಎದೆ ಮುಟ್ಟಿಕೊಂಡು, "ನೋಡಿ ಯಜಮಾನ್ರೇ, ಹಿಂದೆ ಏನಾಗಿತ್ತು ಅಂತ ಮುಚ್ಚಿಡೋ ಜನ ಅಲ್ಲ ನಾವು. ಮುಚ್ಚಿಟ್ರೂ ಇವತ್ತಲ್ಲ ನಾಳೆ ಗಾಡಿನೇ ಹೇಳ್ಬಿಡುತ್ತೆ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಎವಾರಿಸ್ತೊನದು; ಅವನು ತಕ್ಷಣ ಹೆಂಡತಿಯ ಕಡೆ ನೋಡಿದ. ಅವಳು ಇವರ ಮಾತಿನಲ್ಲಿರಲಿಲ್ಲ. ಬೂದಿ ಗಾಡಿಯ ಬಲಗಡೆ ಬಾಗಿಲು ತೆಗೆದು, ಬಗ್ಗಿ, ಕಾಲಿಡುವ ಜಾಗದಲ್ಲಿ ಏನೋ ಎಳೆದಳು. ಬಾನೆಟ್ಟು ಟಕ್ಕೆಂದು ಬಿಟ್ಟುಕೊಂಡಿತು. ಸ್ಟಿಯರಿಂಗು ಎಡಕ್ಕೆ ಬಂದರೂ ಬಾನೆಟ್ಟಿನ ಹಿಡಿ ಹಳೆಯ ಜಾಗದಲ್ಲೇ ಉಳಿದಿರುತ್ತದೆಂದು ಡ್ರೈವಿಂಗ್ ಶಾಲೆಯ ಮೇಷ್ಟ್ರು ತನಗೆ ಹೇಳಿಕೊಟ್ಟಿದ್ದು ಮೂರನೇ ವಾರ. ಇವಳಿಗೆ ಯಾರು ಹೇಳಿದರು? ನೆರೆಮನೆಯವರು ಯಾರೋ ತೆಗೆಯುವಾಗ ನೋಡಿರಬೇಕು. ಹೆಂಗಸರ ಕಣ್ಣಿಗೆ ಇಂಥವು ಬೇಗ ಬೀಳುತ್ತವೆ. ಅವಳು ಇಂಜಿನ್ನಿನ ಮೇಲೆ ಬಗ್ಗಿ ಮೂಗಿನಿಂದ ಉಸಿರೆಳೆದು, "ಇದು ವಾಸಿ" ಎಂದಳು.

"ನಿನಗೇನು ಗೊತ್ತಾಗುತ್ತೆ?" ಎಂದ ಎವಾರಿಸ್ತೊ. ಅವನು ಗಟ್ಟಿಯಾಗಿ ಹೇಳಬೇಕೆಂದುಕೊಂಡಿರಲಿಲ್ಲ. ಓಸ್ಮಾರ್ ಬೇರೆ ಕಡೆ ನೋಡಿದ. ಒಬ್ದೂಲಿಯಾ ಬಾನೆಟ್ಟು ಮುಚ್ಚಿ ಕೈಯ ಧೂಳು ಕೊಡವಿಕೊಂಡಳು. ಹೀಗೆ ನಾಲ್ಕು ಜನರ ಎದುರು ಅವಳನ್ನು ಸಣ್ಣದು ಮಾಡುವುದು, ಆಮೇಲೆ ಮನೆಗೆ ಹೋಗುವ ದಾರಿಯಲ್ಲಿ ಬೆಚ್ಚಗಿನ ಚೀಪಾ ರೊಟ್ಟಿ ಕೊಡಿಸುವುದು, ಇದು ಅವನ ಹಳೆಯ ಕ್ರಮ. ಬೆಂಚಿನ ದಿನಗಳಲ್ಲಿ ಅದು ಹೆಚ್ಚಾಗಿತ್ತು. ಚೌಕದಲ್ಲಿ ಇಡೀ ದಿನ ಯಾರೂ ಮಾತಾಡಿಸದ ಗಂಡಸು ಮನೆಗೆ ಬಂದು ಉಪ್ಪು ಹೆಚ್ಚಾಯಿತೆಂದು ಕೂಗಾಡುತ್ತಿದ್ದ. ಹಾಗೆ ಕೂಗಾಡಿದಾಗ ತಾನು ನಿಜಕ್ಕೂ ಕೆಲಸದಿಂದ ಬಂದವನ ಹಾಗೆ ಕೇಳಿಸುತ್ತೇನೆ ಎಂದು ಒಳಗೊಳಗೇ ಹಿಗ್ಗುತ್ತಿದ್ದ ಕೂಡ. "ಬಿಳೀದೇ ಓಡಿಸಿ ನೋಡ್ತೀನಿ" ಎಂದ ಎವಾರಿಸ್ತೊ.

ಅವನು ಕೂತ, ಪಕ್ಕದಲ್ಲಿ ಒಬ್ದೂಲಿಯಾ, ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ದೋನ್ ತೊರಿಬಿಯೊ. ಗೇಟಿನವರೆಗೆ ಎಲ್ಲ ಸರಿಯಿತ್ತು. ಗೇಟಿನ ಏರಿನಲ್ಲಿ ಗಾಡಿ ಒಮ್ಮೆ ಕುಪ್ಪಳಿಸಿ ನಿಂತುಹೋಯಿತು. ಮತ್ತೆ ಶುರುಮಾಡಿದ, ಮತ್ತೆ ನಿಂತಿತು. ಎದುರಿಗೆ ಕಾರುಗಳನ್ನು ಹೇರಿಕೊಂಡು ಬಂದ ಉದ್ದನೆಯ ಲಾರಿಯೊಂದು ಒಳಗೆ ಬರಲು ಕಾಯುತ್ತಿತ್ತು. ಅದರ ಬಾಲ ಹೆದ್ದಾರಿಯಲ್ಲಿತ್ತು, ಅದರ ಹಿಂದೆ ಬಸ್ಸುಗಳು ಸೇರಿಕೊಂಡು ಹಾರ್ನ್ ಹೊಡೆಯತೊಡಗಿದವು. ಕ್ಲಚ್ಚು ಯಾವುದು, ಬ್ರೇಕು ಯಾವುದು, ಕಾಲಿಗೆ ಮರೆತುಹೋಯಿತು. ಚೀಪಾ ಮಾರುವ ಹೆಂಗಸು ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿಯೇ ನೋಡತೊಡಗಿದಳು. ಲಾರಿಯವನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಅಣ್ಣಾ, ಅದಕ್ಕೂ ನಿಂಗೂ ಜಗಳಾನಾ? ಮನೆಗೆ ಹೋಗಿ ಮಾತಾಡ್ಕೊಳ್ರೋ!" ಎಂದು ಕೂಗಿದ. ಹಿಂದಿನ ಸೀಟಿನಿಂದ ದೋನ್ ತೊರಿಬಿಯೊ "ಬಿಡು, ಬಿಡು, ಮೆಲ್ಲಗೆ ಬಿಡು" ಎನ್ನುತ್ತಿದ್ದ. ಏನನ್ನು ಬಿಡಬೇಕು?

"ಇಳಿ," ಎಂದಳು ಒಬ್ದೂಲಿಯಾ.

"ಏನು?"

"ಇಳಿ ಎವಾರಿ. ಈ ಕಡೆ ಬಾ."

ಓಡಿಸಲು ಯಾರನ್ನಾದರೂ ಕರೆಯುತ್ತಾಳೆ ಎಂದುಕೊಂಡು ಅವನು ಇಳಿದ. ಅವಳು ಮುಂದಿನಿಂದ ಸುತ್ತಿ ಬಂದು, ಅವನು ಎದ್ದ ಜಾಗದಲ್ಲಿ ಕೂತು, ಸೀಟನ್ನು ಮುಂದಕ್ಕೆಳೆದು, ಕನ್ನಡಿ ಸರಿಮಾಡಿಕೊಂಡಳು. ಅವನು ಇನ್ನೊಂದು ಬಾಗಿಲು ಮುಚ್ಚುವ ಮೊದಲೇ ಗಾಡಿ ಏರು ಹತ್ತಿ, ಲಾರಿಯ ಪಕ್ಕದ ಸಂದಿಯಲ್ಲಿ ನುಸುಳಿ, ಹೆದ್ದಾರಿಗೆ ಬಂದಿತ್ತು. ಅವಳು ಅವಸರಪಡಲಿಲ್ಲ. ಬಸ್ಸಿನವನೊಬ್ಬ ಅಡ್ಡ ಬಂದಾಗ ಕೈ ಎತ್ತಿ ಏನೋ ಹೇಳಿದಳು, ಅದು ಬೈಗುಳವಿರಬೇಕು. ಅವಳ ಬಾಯಿಂದ ಅಂಥ ಮಾತು ಅವನು ಕೇಳಿರಲಿಲ್ಲ. ಗಾಜಿನಾಚೆ ಅಂಗಡಿಗಳು ಹಿಂದೆ ಹೋಗುತ್ತಿದ್ದವು. ಪಕ್ಕದಲ್ಲಿದ್ದ ಮುಖದಲ್ಲಿ ಎಂದಿನ ಮಚ್ಚೆ ಇತ್ತು, ಕಿವಿಯಲ್ಲಿ ಎಂದಿನ ಓಲೆ ಇತ್ತು, ಆದರೂ ಯಾರೋ ಬೇರೆ ಹೆಂಗಸು. ಇಪ್ಪತ್ತಾರು ವರ್ಷ ಇವಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನಿದ್ದೆ ಮಾಡಿದ್ದಾಳೆ. ಅಂಗಳಕ್ಕೆ ಹಿಂದಿರುಗಲು ಬಲಕ್ಕೆ ತಿರುಗಬೇಕಾದ ಜಾಗ ಬಂತು. ಅವಳ ಬಲಗೈ ಸ್ಟಿಯರಿಂಗಿನ ಹಿಂದಿನ ಕಡ್ಡಿಯನ್ನು ಒಮ್ಮೆ ತಟ್ಟಿತು. ಒಣ ಧೂಳಿನ ಗಾಜಿನ ಮೇಲೆ ವೈಪರು ಕರಕರನೆ ಎದ್ದು ಅತ್ತಿಂದಿತ್ತ ಆಡಿತು. ಅವಳು ನಾಲಿಗೆ ಕಚ್ಚಿಕೊಂಡು, ವೈಪರು ನಿಲ್ಲಿಸಿ, ಎಡಗೈಯಿಂದ ಸಿಗ್ನಲ್ಲು ಹಾಕಿದಳು.

ದೋನ್ ತೊರಿಬಿಯೊ ಹಿಂದೆ ಕೂತು ತೊಡೆ ತಟ್ಟಿಕೊಂಡು ನಕ್ಕ. "ಸಿಕ್ಕಿಬಿದ್ರಿ ಕೊಮಾದ್ರೆ! ಇದು ಚಿಲಿ ಗಾಡಿಲಿ ಪಳಗಿದ ಕೈ. ಅವುಗಳಲ್ಲೇ ತಾನೆ ಸಿಗ್ನಲ್ಲು ಬಲಕ್ಕೆ ಇರೋದು? ನನ್ನ ತಮ್ಮನೂ ಹಿಂಗೇ, ಬೇರೆ ಗಾಡಿ ಕೊಟ್ರೆ ಸುಡು ಬಿಸಿಲಲ್ಲಿ ವೈಪರ್ ಆಡಿಸ್ಕೊಂಡು ಹೋಗ್ತಾನೆ. ಒಂದೆರಡು ದಿನಕ್ಕೆ ಬರೋ ಚಾಳಿ ಅಲ್ಲ ಇದು. ಯಾರ ಗಾಡಿ ಓಡಿಸ್ತಿದ್ರಿ, ಗುಟ್ಟಾಗಿ?"

ಅವಳು ನಗಲಿಲ್ಲ. ಮುದುಕನ ನಗೆ ಅರ್ಧಕ್ಕೆ ನಿಂತಿತು. ಎವಾರಿಸ್ತೊ ಸ್ಟಿಯರಿಂಗಿನ ಕಡೆ ನೋಡಿದ. ಆಮೇಲೆ ಕಿವಿಯೊಳಗೆ ಬರಿಯ ಗುಯ್ ಎನ್ನುವ ಸದ್ದು. ಒಂದು ಕೈ. ಅವನ ಹೆಂಡತಿಯ ಬಲಗೈ. ಆ ಕೈ ಅವನ ಅಂಗಿಗೆ ಗುಂಡಿ ಹಾಕಿದೆ, ಅವನ ತಾಯಿಯ ಕಣ್ಣು ಮುಚ್ಚಿದೆ, ಮರಗೆಣಸಿನ ಸಿಪ್ಪೆ ಸುಲಿದು ಸುಲಿದು ಹೆಬ್ಬೆರಳ ಬದಿ ಕಪ್ಪಾಗಿದೆ. ಆ ಕೈಗೆ ಇನ್ನೊಂದು ರೂಢಿಯಿದೆ. ತಿಂಗಳುಗಟ್ಟಲೆ, ಪ್ರತಿ ತಿರುವಿನಲ್ಲೂ, ಎಲ್ಲೋ, ಯಾರದೋ ಗಾಡಿಯಲ್ಲಿ, ಬಹುಶಃ ಯಾರದೋ ಪಕ್ಕದಲ್ಲಿ. ಗಂಡಸೊಬ್ಬ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದು ಕಲಿಸುತ್ತಿರುವುದು ಅವನಿಗೆ ಎದುರಿಗೇ ಕಂಡಿತು. ಆ ಗಂಡಸಿಗೆ ಮುಖವಿರಲಿಲ್ಲ, ಒಳ್ಳೆಯ ಗಡಿಯಾರವಿತ್ತು. ಗಾಡಿ ಅಂಗಳದೊಳಗೆ ಬಂದು ನೆರಳಿನಲ್ಲಿ ನಿಂತಿತು. ದೋನ್ ತೊರಿಬಿಯೊ "ಐಸು ಮುಗೀತು, ತಂದುಬಿಡ್ತೀನಿ" ಎಂದು ಗೊಣಗಿ, ಬಾಗದ ಕಾಲನ್ನು ಎತ್ತಿಕೊಂಡು ಇಳಿದು ಹೋದ.

"ಯಾರವನು?" ಎಂದ ಎವಾರಿಸ್ತೊ. ಅವನ ದನಿ ಅವನಿಗೇ ಕೀಳಾಗಿ ಕೇಳಿಸಿತು.

"ಯಾವನು?"

"ನಿಂಗೆ ಕಲಿಸಿದೋನು."

ಅವಳು ತಿರುಗಿ ಅವನನ್ನು ನೋಡಿದಳು. "ನಮ್ಮಪ್ಪ. ಕಬ್ಬಿನ ಲಾರಿ ಮೇಲೆ. ಗಾಡಿ ಬಿಡೋಕೆ ಬರುತ್ತಾ ಅಂತ ಒಂದು ದಿನ ಕೇಳಿದ್ಯಾ ನನ್ನ?"

"ಮತ್ತೆ ಈ ಚಿಲಿ ಗಾಡಿ?"

"ಕಾಸಿಲ್ದಾಳ ಗಂಡಂದು."

ಕಾಸಿಲ್ದಾ ಎರಡು ಮನೆ ಆಚೆಯವಳು. "ಅವನು ಹಾಸಿಗೆ ಹಿಡಿದಿದ್ದನಲ್ಲ! ನೀನು ಅವನ ಶುಶ್ರೂಷೆಗೆ ಹೋಗ್ತಿದ್ದೆ."

"ಹೋಗ್ತಿರ್ಲಿಲ್ಲ. ಅವನ ಗಾಡಿ ಸುಮ್ನೆ ನಿಂತಿತ್ತು. ಬಾಡಿಗೆಗೆ ಓಡಿಸ್ತಿದ್ದೆ. ಮಾರ್ಕೆಟ್ಟಿನ ಹೆಂಗಸರನ್ನ, ಅವರ ಚೀಲಗಳನ್ನ. ಬಂದದ್ರಲ್ಲಿ ಅವಳಿಗರ್ಧ, ನಂಗರ್ಧ."

"ಯಾವಾಗ?"

"ನೀನು ಚೌಕದಲ್ಲಿ ಬೆಂಚಿನ ಮೇಲೆ ಕೂತಿರ್ತಿದ್ಯಲ್ಲ," ಎಂದಳು ಒಬ್ದೂಲಿಯಾ, "ಆಗ."

ಗುಂಡಿಗೆ ನಿಲ್ಲುವುದೆಂದರೆ ಏನೆಂದು ಅವನಿಗೆ ಆಗ ತಿಳಿಯಿತು. ನೋವಿರಲಿಲ್ಲ. ಎದುರಿನ ಪತಾಕೆಗಳು ಆಡುತ್ತಿದ್ದವು, ಓಸ್ಮಾರ್ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದ, ಗಾಡಿಯ ಒಳಗೆ ಹಿಂದಿನ ಯಜಮಾನನ ಸೆಂಟಿನ ವಾಸನೆ ಇನ್ನೂ ಉಳಿದಿತ್ತು. ಎಲ್ಲ ಇದ್ದ ಹಾಗೇ ಇತ್ತು, ಅವನೊಬ್ಬ ಇರಲಿಲ್ಲ. ಕೆಮ್ಮುವ ಮೇಲಧಿಕಾರಿಯ ನೆನಪಾಯಿತು. ಅವಳು ಕೈ ಕೆಲಸ ಬಿಟ್ಟು, ಗಲ್ಲಕ್ಕೆ ಕೈ ಕೊಟ್ಟು, ಆ ಕಥೆ ಕೇಳುತ್ತಿದ್ದಳು, "ಆಮೇಲೆ ಏನಂದ?" ಎಂದು ಕೇಳುತ್ತಿದ್ದಳು. ತಾನು ಆ ಕೆಮ್ಮನ್ನು ನಟಿಸಿ ತೋರಿಸಿದ್ದ. ಥೂ! ಬೆತ್ತಲೆ ನಿಂತಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮುಖವಿಲ್ಲದ ಆ ಗಂಡಸೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು. ಅವನ ಮೇಲೆ ಸಿಟ್ಟಾದರೂ ಮಾಡಬಹುದಿತ್ತು.

"ಹೆಂಗೆ..." ಎಂದ.

"ಮೊದಲನೇ ವಾರವೇ ನಿಮ್ಮ ಕಚೇರಿ ಹುಡುಗಿ ಒಬ್ಬಳು ಬಂದಿದ್ಳು, ನೀನು ಬಿಟ್ಟು ಬಂದಿದ್ದ ಛತ್ರಿ ಕೊಡೋಕೆ. 'ಪಾಪ ಸಾಹೇಬ್ರು ಇನ್ನು ಆ ಕಡೆ ಬರಲ್ವಲ್ಲ' ಅಂದ್ಳು. ಕಾಫಿ ಕೊಟ್ಟು ಕಳಿಸ್ದೆ. ಛತ್ರಿ ಮನೇಲಿದ್ರೆ ನೀನು ನೋಡ್ತೀಯ ಅಂತ ಗಾಡಿ ಹಿಂದಿನ ಸೀಟಲ್ಲಿ ಇಟ್ಕೊಂಡೆ."

"ಯಾಕೆ ಹೇಳ್ಲಿಲ್ಲ ನಂಗೆ?"

"ನೀನ್ಯಾಕೆ ಹೇಳ್ಲಿಲ್ಲ?" ಅವಳ ದನಿ ಏರಿತು, ಕಿಟಕಿಯ ಕಡೆ ನೋಡಿ ಇಳಿಸಿಕೊಂಡಳು. "ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ಬಾಡಿಗೆ ಹೋಗೋವಾಗ ಚೌಕದಲ್ಲಿ ನಿನ್ನ ಕಂಡ್ಮೇಲೆ, ಅದರ ಮುಂದೆ ದಿನಾ ನಾಲ್ಕು ಸಲ ಹೋಗ್ತಿದ್ದೆ. ಮಧ್ಯಾಹ್ನ ನೀನು ಬುತ್ತಿ ಬಿಚ್ಚೋದು ನೋಡ್ತಿದ್ದೆ. ಒಂದು ದಿನ ನೀನು ಅದನ್ನೆಲ್ಲ ಪಾರಿವಾಳಕ್ಕೆ ಹಾಕ್ಬಿಟ್ಟೆ. ನಾ ಬೆಳಿಗ್ಗೆ ಐದಕ್ಕೆದ್ದು ಮಾಡಿದ್ದು."

ಅವನು ತಲೆ ತಗ್ಗಿಸಿ ಕೂತ. ಆಗ ತಾನು ತಂದುಕೊಟ್ಟ ಸುಳ್ಳು ಸಂಬಳ ತಿಂಗಳ ಕೊನೆಯವರೆಗೂ ಬರುತ್ತಿದ್ದದ್ದು ಹೇಗೆಂದು ಈಗ ತಿಳಿಯಿತು. ಅದು ತನ್ನ ಶಿಸ್ತಿನಿಂದ ಎಂದುಕೊಂಡು, ಮಗಳಿಗೆ ಮಿತವ್ಯಯದ ಮೇಲೆ ಉಪದೇಶ ಮಾಡಿದ್ದ. ಇನ್ನು ಏನು ಉಳಿದಿದೆ? ಮುಗಿಯಿತು ಎಂದುಕೊಂಡ, ಎಲ್ಲ ಗೊತ್ತಾದ ಮೇಲೆ ಒಂದು ಬಗೆಯ ಹಗುರು ಬರುತ್ತದೆಂದು ಕೇಳಿದ್ದ, ಅದಕ್ಕಾಗಿ ಕಾದ. ಅದು ಬರಲಿಲ್ಲ. ಹೆಂಡತಿಯ ಎರಡೂ ಕೈಗಳು ಇನ್ನೂ ಸ್ಟಿಯರಿಂಗಿನ ಮೇಲಿದ್ದವು.

"ಒಂದು ವಿಷಯ ಕೇಳ್ಬೇಕು ನಿನ್ನ," ಎಂದಳು. "ಏಳು ವರ್ಷದಿಂದ ಕೇಳ್ಬೇಕು ಅಂತಿದ್ದೀನಿ. ಮಳೆ ಬಂತಲ್ಲ ಅಕ್ಟೋಬರಿನಲ್ಲಿ, ಬೀದಿಯೆಲ್ಲ ಹೊಳೆ ಆಗಿತ್ತು. ಅವತ್ತು ನೀನು ಚೌಕದಲ್ಲಿರ್ಲಿಲ್ಲ. ಸಸ್ಯೋದ್ಯಾನ ದಾಟಿ, ಅಷ್ಟು ದೂರ, ನದಿ ಮೇಲಿನ ರೆಮಾನ್ಸೊ ಸೇತುವೆಗೆ ಹೋಗೋ ಹೆದ್ದಾರಿಲಿ ನಿಂತಿದ್ದೆ. ಸೇತುವೆ ಕಡೆ ಹೋಗೋ ಗಾಡಿಗಳಿಗೆಲ್ಲ ಕೈ ಅಡ್ಡ ಹಾಕ್ತಿದ್ದೆ. ಕೈಯಲ್ಲಿ ಬ್ಯಾಗಿರ್ಲಿಲ್ಲ. ನಂಗೂ ಕೈ ತೋರಿಸ್ದೆ."

"ನಿಂಗಾ?"

"ಗಾಜಲ್ಲಿ ನೀರು, ನಿಂಗೆ ಕಾಣ್ಲಿಲ್ಲ. ಹಿಂದೆ ಇಬ್ರು ಹೆಂಗಸರು ಕೂತಿದ್ರು. ನಿನ್ನ ಹೆಂಗೆ ಹತ್ತಿಸ್ಕೊಳ್ಳಲಿ? ಹತ್ತಿದ ಮೇಲೆ ನೀ ಏನಂತೀಯ, ನಾ ಏನನ್ನಲಿ? ನಿನ್ನ ಮರ್ಯಾದೆ ಹೋಗುತ್ತೆ ಅಂತ, ನಂಗೆ ಆ ಹೊತ್ತಲ್ಲಿ ಬಂದದ್ದು ಅದೊಂದೇ ಯೋಚನೆ. ನಿಲ್ಲಿಸದೇ ಹೋಗ್ಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಹೊಳೀತು, ನೀನು ಹೋಗ್ತಿರೋದು ಎಲ್ಲಿಗೆ ಅಂತ. ಹೆಂಗಸರನ್ನ ಅಲ್ಲೇ ಮಳೆಯಲ್ಲಿ ಇಳಿಸ್ದೆ. ಬೈದ್ರು. ವಾಪಸ್ ಬಂದ್ರೆ ನೀನಿಲ್ಲ. ಸೇತುವೆಗೆ ಹೋದೆ. ಈ ತುದಿಯಿಂದ ಆ ತುದಿಗೆ ನಡೆದೆ, ಕಂಬಿ ಹಿಡ್ಕೊಂಡು, ಕೆಳಗೆ ನೋಡ್ತಾ. ನದಿ ಕೆಂಪಾಗಿತ್ತು. ಕತ್ತಲಾಗೋವರೆಗೂ ನಡೆದೆ. ಆಮೇಲೆ ಮಗಳಿಗೆ ಏನು ಹೇಳ್ಬೇಕು ಅಂತ ಯೋಚನೆ ಮಾಡ್ಕೊಂಡು ಮನೆಗೆ ಬಂದೆ."

ಎವಾರಿಸ್ತೊ ಆ ಮಧ್ಯಾಹ್ನವನ್ನು ಹುಡುಕಿದ. ಮಳೆ ಸಿಕ್ಕಿತು, ಒದ್ದೆ ಕಾಲುಚೀಲ ಸಿಕ್ಕಿತು. ಹೆದ್ದಾರಿ ಸಿಗಲಿಲ್ಲ. ಎತ್ತಿದ ಕೈ ಸಿಗಲಿಲ್ಲ. ಆದರೆ ಆ ಸಂಜೆ ಅಕ್ಷರ ಅಕ್ಷರವಾಗಿ ನೆನಪಿತ್ತು: ತಾನು ಒಣ ಅಂಗಿ ಹಾಕಿಕೊಂಡು ಮೇಜಿನ ಮುಂದೆ ಕೂತಿದ್ದು, ಒಲೆ ತಣ್ಣಗಿದ್ದು, ಬಾಗಿಲು ತೆಗೆದುಕೊಂಡು ಅವಳು ತೊಯ್ದು ತೊಪ್ಪೆಯಾಗಿ ಒಳಗೆ ಬಂದದ್ದು. ಅವಳು ಹೊಸ್ತಿಲಲ್ಲೇ ನಿಂತು ಅವನನ್ನು ನೋಡಿದ ರೀತಿ ವಿಚಿತ್ರವಾಗಿತ್ತು. ತಡವಾದದ್ದಕ್ಕೆ ಹೆದರಿದ್ದಾಳೆ ಎಂದುಕೊಂಡಿದ್ದ. "ಎಲ್ಲಿ ಅಲೀತಿದ್ದೆ ಇಷ್ಟು ಹೊತ್ತು? ದಿನವೆಲ್ಲ ದುಡಿದು ಬಂದ ಗಂಡಸಿಗೆ ಒಂದು ಬಿಸಿ ತುತ್ತು ಬೇಡ್ವಾ?" ಎಂದು ಮೇಜು ಗುದ್ದಿದ್ದ. ಅವಳು ಅತ್ತಿದ್ದಳು. ಅತ್ತದ್ದು ತನ್ನ ಬೈಗುಳಕ್ಕೆ ಎಂದು, ಆ ರಾತ್ರಿ ಅವನಿಗೆ ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂದಿತ್ತು.

ಓಸ್ಮಾರ್ ಬಂದು ಕಿಟಕಿಯ ಗಾಜನ್ನು ಬೆರಳಿನಿಂದ ತಟ್ಟಿದ. "ಯಾವುದು ಯಜಮಾನ್ರೇ, ಬಿಳೀದಾ, ಬೂದೀದಾ?"

"ಬೂದೀದು," ಎಂದಳು ಒಬ್ದೂಲಿಯಾ, ಅವನ ಕಡೆ ನೋಡದೆ. "ಸ್ವಲ್ಪ ಹೊತ್ತು ಬಿಡಪ್ಪ ನಮ್ಮನ್ನ."

ಓಸ್ಮಾರ್ ಇಬ್ಬರ ಮುಖ ನೋಡಿ ಸುಮ್ಮನೆ ಹೋದ.

"ಹೇಳು," ಎಂದಳು. "ಅವತ್ತು ಸೇತುವೆಗಾ ಹೋಗ್ತಿದ್ದದ್ದು?"

"ಅಲ್ಲ," ಎಂದ ಎವಾರಿಸ್ತೊ. "ಅಲ್ಲಪ್ಪ, ಸೇತುವೆಗೆ ಯಾಕೆ ಹೋಗ್ಲಿ? ಮಳೆ ಅಂತ..."

ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಹಾಗೆ ಅವಳು ತನ್ನನ್ನು ಎಷ್ಟೋ ಸಂಜೆ ನೋಡಿದ್ದಳೆಂದು, ತಾನು ಅದನ್ನು ಅಕ್ಕರೆ ಎಂದುಕೊಂಡಿದ್ದನೆಂದು ಅವನಿಗೆ ಹೊಳೆಯಿತು.

"ಸುಳ್ಳು ಹೇಳೋವಾಗ ನೀನು ಹಿಂಗೇ ತಟ್ಟನೆ ಹೇಳ್ತೀಯ ಎವಾರಿ," ಎಂದಳು. ಕೈ ಚಾಚಿ ಇಂಜಿನ್ನು ಆರಿಸಿದಳು. "ಯೋಚನೆ ಮಾಡಿ ಹೇಳು. ನಾನು ಕಾಯ್ತೀನಿ."

ಅವನು ಯೋಚಿಸತೊಡಗಿದ.